ಸರ್ ಎಂ.ವಿ. ನೂರು ದಾಟಿದ ಗುಟ್ಟೇನು?

1960ರ ಸೆಪ್ಟೆಂಬರ್ 15ರಂದು ಅಂಚೆ ಇಲಾಖೆ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಇಂಥ ಗೌರವ ಸಾಮಾನ್ಯವಾಗಿ ಸಿಗುವುದು ತೀರಿಕೊಂಡವರಿಗೆ. ಇವರು ಆಗಿನ್ನೂ ಬದುಕಿದ್ದರು! ಅವರು ಹುಟ್ಟಿದ್ದು 1860ರಲ್ಲಿ ಎಂದು ಕೆಲವರು, 1861ರಲ್ಲಿ ಎಂದು ಕೆಲವರು ಬರೆಯುತ್ತಾರೆ. ಯಾವುದನ್ನೇ ಹಿಡಿದರೂ 1962ರ ಏಪ್ರಿಲ್‌ನಲ್ಲಿ ಕಣ್ಣು ಮುಚ್ಚುವ ಹೊತ್ತಿಗೆ ಅವರಿಗೆ ನೂರು ತುಂಬಿತ್ತು.

ಅವರ ಹುಟ್ಟೂರು ಮುದ್ದೇನಹಳ್ಳಿ 2007ರವರೆಗೂ ನಮ್ಮ ಕೋಲಾರ ಜಿಲ್ಲೆಗೇ ಸೇರಿತ್ತು. ಎಂಜಿನಿಯರ್‌ಗಳ ದಿನ ಬಂತೆಂದರೆ ಕಾಲೇಜುಗಳಲ್ಲಿ ಒಂದು ಮಾತು ತಪ್ಪದೆ ಕೇಳುತ್ತೇವೆ: ಶಿಸ್ತಿನಿಂದ ಬದುಕಿದ್ದಕ್ಕೇ ಅವರು ಶತಾಯುಷಿಯಾದರು ಎಂದು. ಇದು ಎಷ್ಟು ನಿಜ? ಅವರ ಬದುಕನ್ನು ದೀರ್ಘಾಯುಷ್ಯದ ಸಂಶೋಧನೆಗಳ ಪಕ್ಕದಲ್ಲಿಟ್ಟು ನೋಡೋಣ.

ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿ ಖರ್ಚು ನೀಗಿಸಿಕೊಂಡರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಮಿತವಾದ ಊಟ, ದಿನವೂ ನಡಿಗೆ, ಗಡಿಯಾರ ನೋಡಿದಂತೆ ಕೆಲಸ ಅವರ ಪದ್ಧತಿಯಾಗಿತ್ತು.

ಇದಕ್ಕೆ ವಿಜ್ಞಾನದ ಬೆಂಬಲವಿದೆ. ಲಂಡನ್ನಿನ ಬಸ್ ನೌಕರರ ಬಗ್ಗೆ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಇಡೀ ದಿನ ಕೂತೇ ಇರುವ ಡ್ರೈವರ್‌ಗಳಿಗಿಂತ, ಎರಡಂತಸ್ತಿನ ಬಸ್ಸಿನಲ್ಲಿ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗೆ ಹೃದಯಾಘಾತ ಕಡಿಮೆಯಿತ್ತು. ಜಪಾನಿನ ಒಕಿನಾವಾದಲ್ಲಿ 1975ರಿಂದ ಶತಾಯುಷಿಗಳ ಅಧ್ಯಯನ ನಡೆದಿದೆ. ಹೊಟ್ಟೆ ಪೂರ್ತಿ ತುಂಬುವ ಮೊದಲೇ ಊಟ ನಿಲ್ಲಿಸುವುದು ಅಲ್ಲಿನ ಹಿರಿಯರ ರೂಢಿ.

ಆದರೆ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಡೆನ್ಮಾರ್ಕಿನ ಅವಳಿ ಮಕ್ಕಳ ಬಗ್ಗೆ 1996ರಲ್ಲಿ ಬಂದ ಅಧ್ಯಯನ, ಆಯುಸ್ಸಿನಲ್ಲಿ ಕಾಣುವ ವ್ಯತ್ಯಾಸದ ಸುಮಾರು ಕಾಲು ಭಾಗಕ್ಕೆ ವಂಶವಾಹಿಗಳು ಕಾರಣ ಎಂದು ಅಂದಾಜಿಸಿತು. 122 ವರ್ಷ ಬಾಳಿದ ಫ್ರಾನ್ಸಿನ ಜಾನ್ ಕಾಲ್ಮೆಂ ಬಹುಕಾಲ ಸಿಗರೇಟು ಸೇದಿದವರು! ಹಾಗೆಂದು ಸಿಗರೇಟು ಒಳ್ಳೆಯದೆಂದಲ್ಲ. ಒಬ್ಬರ ಆಯುಸ್ಸನ್ನು ನೋಡಿ ಎಲ್ಲರಿಗೂ ನಿಯಮ ಮಾಡಲಾಗದು, ಅಷ್ಟೆ.

ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಇಪ್ಪತ್ತೈದರ ಆಸುಪಾಸಿನಲ್ಲಿತ್ತು. ಎಳೆಯ ಮಕ್ಕಳು ಸಾಯುತ್ತಿದ್ದರು. ಕಾಲರಾ, ಪ್ಲೇಗು ಊರೂರನ್ನೇ ಖಾಲಿ ಮಾಡುತ್ತಿದ್ದವು. ಇಂದು ಅದು ಎಪ್ಪತ್ತರ ಹತ್ತಿರ ಬಂದಿದೆ. ಶುದ್ಧ ನೀರು, ಚರಂಡಿ, ಲಸಿಕೆ, ಔಷಧಿ, ಹೊಟ್ಟೆ ತುಂಬ ಅನ್ನ ಈ ಬದಲಾವಣೆ ತಂದವು.

ಈಗ ಸರ್ ಎಂ.ವಿ. ಮಾಡಿದ ಕೆಲಸಗಳ ಪಟ್ಟಿ ನೋಡಿ. 1890ರ ದಶಕದಲ್ಲಿ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕೆಸರು ತುಂಬಿದ ಸಿಂಧೂ ನದಿಯಿಂದ ತಿಳಿನೀರು ಒದಗಿಸಿದರು. ಏಡನ್ ಬಂದರಿಗೆ ಕುಡಿಯುವ ನೀರಿನ ಯೋಜನೆ ಕೊಟ್ಟರು. 1908ರ ಮೂಸಿ ಪ್ರವಾಹ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ ಆ ನಗರಕ್ಕೆ ಪ್ರವಾಹ ತಡೆಯುವ ಜಲಾಶಯಗಳನ್ನೂ ಒಳಚರಂಡಿಯನ್ನೂ ಯೋಜಿಸಿದರು. ತಾವು ನೂರು ವರ್ಷ ಬದುಕಿದ್ದಕ್ಕಿಂತ, ಹೆಸರೇ ಗೊತ್ತಿಲ್ಲದ ಲಕ್ಷಾಂತರ ಜನರ ಆಯುಸ್ಸಿಗೆ ವರ್ಷಗಳನ್ನು ಸೇರಿಸಿದ್ದೇ ಅವರ ದೊಡ್ಡ ಸಾಧನೆ.

ಕೆಜಿಎಫ್‌ನವರಾದ ನಮಗೆ ಇದು ಬೇಗ ಅರ್ಥವಾಗಬೇಕು. ಶಿವನಸಮುದ್ರದ ವಿದ್ಯುತ್ 1902ರಲ್ಲೇ ನಮ್ಮ ಗಣಿಗಳಿಗೆ ಬಂದಿತ್ತು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೂ ಅದು ನಿಲ್ಲಬಾರದೆಂಬುದು ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದು. ಆ ವಿದ್ಯುತ್ ಉರಿದ ಗಣಿಯ ಆಳದಲ್ಲಿ ಬಂಡೆ ಕೊರೆಯುವವರು ಕಲ್ಲಿನ ಸಣ್ಣ ಧೂಳನ್ನು ಉಸಿರಾಡಿದರು. ಅದು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಹಾಳಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಮದ್ದಿಲ್ಲ. ಆ ಕಾರ್ಮಿಕರಲ್ಲಿ ಶಿಸ್ತಿಗೆ ಕೊರತೆಯಿತ್ತೇ? ಪಾಳಿಗೆ ಸರಿಯಾಗಿ ಹೋಗುತ್ತಿದ್ದರು, ಮೈಮುರಿದು ದುಡಿಯುತ್ತಿದ್ದರು. ಅವರಿಗೆ ಸಿಗದಿದ್ದದ್ದು ಒಳ್ಳೆಯ ಗಾಳಿ. 2001ರಲ್ಲಿ ಗಣಿ ಮುಚ್ಚಿತು. ಸೈನೈಡ್ ದಿಬ್ಬಗಳ ಧೂಳು ಇನ್ನೂ ಹಾರುತ್ತಿದೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇನ್ನೊಂದು ಮಾತು. ಸರ್ ಎಂ.ವಿ. ಮುಂಬೈ ಸರ್ಕಾರದ ನೌಕರಿ ಬಿಟ್ಟಾಗ ವಯಸ್ಸು ಐವತ್ತರ ಹತ್ತಿರ. ನಾವಿಂದು ಅವರನ್ನು ನೆನೆಯುವ ಬಹುಪಾಲು ಕೆಲಸ ಆಮೇಲಿನದು. ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾದರು. ದಿವಾನಗಿರಿ ಬಿಟ್ಟ ಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದರು. 1955ರಲ್ಲಿ ಭಾರತರತ್ನ ಬಂತು. ತೊಂಬತ್ತು ದಾಟಿದ ಮೇಲೂ ಬಿಹಾರದ ಗಂಗಾ ಸೇತುವೆಗೆ ಸಲಹೆ ಕೊಡಲು ಹೋಗಿದ್ದರು. ಒಂದೆರಡು ವರ್ಷ ತಡವಾಯಿತೆಂದು ಕಂಗಾಲಾಗುವ ನಮಗೆ ಇದು ಧೈರ್ಯ ಕೊಡಬೇಕು.

ಅವರಂತೆ ನಡೆಯೋಣ, ಮಿತವಾಗಿ ಉಣ್ಣೋಣ, ಹೊತ್ತಿಗೆ ಸರಿಯಾಗಿ ಏಳೋಣ. ನೂರು ತುಂಬುವ ಭರವಸೆ ಯಾರಿಗೂ ಇಲ್ಲ. ಆದರೆ ನಾಳೆ ನಮ್ಮಲ್ಲೊಬ್ಬರು ಎಂಜಿನಿಯರೋ, ನರ್ಸೋ, ಪಂಚಾಯಿತಿಯ ಗುಮಾಸ್ತರೋ ಆದಾಗ ಒಂದು ಬೀದಿಗೆ ಶುದ್ಧ ನೀರು ಬರುವಂತೆ ಮಾಡಿದರೆ, ಆ ಬೀದಿಯ ಒಂದಷ್ಟು ಮಕ್ಕಳಾದರೂ ಅಜ್ಜ ಅಜ್ಜಿಯಾಗುವವರೆಗೆ ಬದುಕುತ್ತಾರೆ.