ಶರಣು ಬಂದವರನ್ನು ಒಪ್ಪಿಸದ ದೊರೆ ನಜ್ಜಾಶಿ

ಹಬಶಾದ, ಅಂದರೆ ಅಬಿಸೀನಿಯಾದ ದೊರೆಗಳನ್ನು ಅರಬರು ನಜ್ಜಾಶಿ ಎಂದು ಕರೆಯುತ್ತಿದ್ದರು. ಅದು ಹೆಸರಲ್ಲ, ಬಿರುದು. ಪ್ರವಾದಿ ಮುಹಮ್ಮದ್(ಸ)ರ ಕಾಲದ ನಜ್ಜಾಶಿಯ ಹೆಸರು ಅಸ್‌ಹಮ. ಮಕ್ಕಾದಿಂದ ಬಂದ ಮುಸ್ಲಿಮರಿಗೆ ಆಶ್ರಯ ಕೊಟ್ಟ ಕ್ರೈಸ್ತ ದೊರೆಯೆಂದು ಅವರನ್ನು ನಮ್ಮ ಮಕ್ಕಳೂ ಬಲ್ಲರು. ಅವರ ಬಾಲ್ಯದ ಕಥೆ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಮುಂದಿನದು ಅರ್ಥವಾಗಬೇಕಾದರೆ ಅದನ್ನೇ ಮೊದಲು ಹೇಳಬೇಕು.

ಇಬ್ನ್ ಇಸ್‌ಹಾಕ್‌ರ ಸೀರಾದಲ್ಲಿ ಆ ವೃತ್ತಾಂತವಿದೆ. ಅಸ್‌ಹಮರ ತಂದೆಯೇ ಅರಸರಾಗಿದ್ದರು. ಸರದಾರರು ಅವರನ್ನು ಕೊಂದು ತಮ್ಮನಿಗೆ ಪಟ್ಟ ಕಟ್ಟಿದರು. ಹುಡುಗ ಜಾಣನಾಗಿ ಬೆಳೆದು ಚಿಕ್ಕಪ್ಪನ ಮೆಚ್ಚುಗೆ ಗಳಿಸಿದಾಗ ಕೊಲೆಗಾರರಿಗೆ ಭಯ ಹುಟ್ಟಿತು. ಅವರ ಒತ್ತಾಯಕ್ಕೆ ಮಣಿದು ಹುಡುಗನನ್ನು 600 ದಿರ್ಹಮಿಗೆ ಒಬ್ಬ ವ್ಯಾಪಾರಿಗೆ ಮಾರಲಾಯಿತು. ಅದೇ ಸಂಜೆ ಸಿಡಿಲು ಬಡಿದು ಚಿಕ್ಕಪ್ಪ ತೀರಿಕೊಂಡ. ಅವನ ಮಕ್ಕಳಲ್ಲಿ ಯೋಗ್ಯರಿರಲಿಲ್ಲ. ಸರದಾರರು ವ್ಯಾಪಾರಿಯ ಕೈಯಿಂದ ಅಸ್‌ಹಮರನ್ನು ಕಿತ್ತು ತಂದು ಸಿಂಹಾಸನದಲ್ಲಿ ಕೂರಿಸಿದರು. ವ್ಯಾಪಾರಿ ಹಣ ಕೇಳಿಕೊಂಡು ಅರಮನೆಗೇ ಬಂದ! ಹೊಸ ದೊರೆಯ ಮೊದಲ ತೀರ್ಪು ಅದೇ: ಒಂದೋ ಅವನ ಹಣ ಕೊಡಿ, ಇಲ್ಲವೇ ಅವನ ಗುಲಾಮನನ್ನು ಕೊಡಿ. ಸರದಾರರು ಹಣ ಕೊಟ್ಟರು.

ಕ್ರಿ.ಶ. 615ರಲ್ಲಿ ಕುರೈಶರ ಹಿಂಸೆ ತಾಳಲಾರದೆ, ಪ್ರವಾದಿ(ಸ)ಯವರ ಸೂಚನೆಯಂತೆ ಮುಸ್ಲಿಮರ ಒಂದು ಸಣ್ಣ ತಂಡ ಕೆಂಪು ಸಮುದ್ರ ದಾಟಿ ಹಬಶಾಕ್ಕೆ ಬಂತು. ಅನಂತರ ಬಂದ ತಂಡದಲ್ಲಿ ಪುರುಷರೇ 80ಕ್ಕೂ ಹೆಚ್ಚು. ಹೆಂಡತಿ ಮಕ್ಕಳ ಸಮೇತ ಬಂದ ಸಂಸಾರಗಳೂ ಇದ್ದವು. ಅವರನ್ನು ಮರಳಿ ತರಲು ಕುರೈಶರು ಅಮ್ರ್ ಬಿನ್ ಆಸ್ ಮತ್ತು ಇನ್ನೊಬ್ಬರನ್ನು ಕಳುಹಿಸಿದರು. ಅವರ ಉಪಾಯವನ್ನು ವಿದ್ಯಾರ್ಥಿಗಳು ಗಮನಿಸಬೇಕು. ದೊರೆಯ ಮುಂದೆ ಹೋಗುವ ಮೊದಲೇ ಆಸ್ಥಾನದ ಪ್ರಮುಖರಿಗೆಲ್ಲ ಮಕ್ಕಾದ ಉತ್ತಮ ಚರ್ಮದ ಕಾಣಿಕೆ ಹಂಚಿದರು. ವಲಸಿಗರ ಅಹವಾಲು ಕೇಳದೆಯೇ ಒಪ್ಪಿಸಿಬಿಡುವಂತೆ ದೊರೆಗೆ ಸಲಹೆ ಕೊಡಬೇಕೆಂದು ಕೇಳಿಕೊಂಡರು. ಪ್ರಮುಖರು ಹಾಗೆಯೇ ಸಲಹೆ ಕೊಟ್ಟರು ಕೂಡ.

ನಜ್ಜಾಶಿ ಸಿಟ್ಟಾದರು. ವಲಸಿಗರನ್ನು ಕರೆಸಿ, ಬಿಷಪರು ಗ್ರಂಥಗಳನ್ನು ತೆರೆದಿಟ್ಟು ಕುಳಿತ ಸಭೆಯಲ್ಲೇ ವಿಚಾರಿಸಿದರು. ಜಅ್‌ಫರ್ ಬಿನ್ ಅಬೂತಾಲಿಬ್(ರ) ಎಲ್ಲರ ಪರವಾಗಿ ಮಾತನಾಡಿ ಸೂರಃ ಮರ್ಯಮ್‌ನ ಆರಂಭವನ್ನು ಓದಿದರು. ದೊರೆಯೂ ಬಿಷಪರೂ ಅತ್ತರು. ಮರುದಿನ ಅಮ್ರ್ ಹಠ ಬಿಡದೆ, ಈಸಾ(ಅ)ರ ಬಗ್ಗೆ ಇವರ ನಂಬಿಕೆಯೇ ಬೇರೆ ಎಂದು ದೂರಿದರು. ಜಅ್‌ಫರ್(ರ) ಅದನ್ನೂ ಮುಚ್ಚಿಡದೆ ಹೇಳಿದರು. ಸಭೆಯಲ್ಲಿ ಗೊಣಗಾಟವೆದ್ದರೂ ನಜ್ಜಾಶಿ ಕದಲಲಿಲ್ಲ. ಕಾಣಿಕೆಗಳನ್ನು ಹಿಂದಿರುಗಿಸಲು ಆಜ್ಞೆ ಮಾಡಿದರು. ಅಲ್ಲಾಹನು ತನಗೆ ರಾಜ್ಯವನ್ನು ಮರಳಿ ಕೊಟ್ಟಾಗ ಲಂಚ ಪಡೆಯಲಿಲ್ಲ, ತಾನೇಕೆ ಪಡೆಯಬೇಕು ಎಂಬುದು ಅವರು ಕೊಟ್ಟ ಕಾರಣ. 600 ದಿರ್ಹಮಿಗೆ ಮಾರಲ್ಪಟ್ಟವರಿಗೆ ಮಾತ್ರ ಹೊಳೆಯಬಹುದಾದ ಕಾರಣವಿದು.

ಈ ನಿಲುವು ಅವರಿಗೆ ಸುಲಭವಾಗಿರಲಿಲ್ಲ. ಧರ್ಮ ಬಿಟ್ಟರೆಂದು ಪ್ರಜೆಗಳೇ ಒಮ್ಮೆ ದಂಗೆಯೆದ್ದರು. ಆಗ ಅವರು ಮೊದಲು ವಲಸಿಗರಿಗೆ ದೋಣಿಗಳನ್ನು ಸಿದ್ಧಪಡಿಸಿಕೊಟ್ಟರು. ತಾನು ಸೋತರೆ ಅವರು ಹೊರಟುಹೋಗಲಿ, ಗೆದ್ದರೆ ಉಳಿಯಲಿ ಎಂದು. ದಂಗೆ ಅಡಗಿತು, ದೋಣಿಗಳು ಬೇಕಾಗಲಿಲ್ಲ.

628ರಲ್ಲಿ ಜಅ್‌ಫರ್(ರ), ಪತ್ನಿ ಅಸ್ಮಾ(ರ), ಹಬಶಾದಲ್ಲೇ ಹುಟ್ಟಿದ ಮಗ ಅಬ್ದುಲ್ಲಾ ಮತ್ತಿತರರನ್ನು ನಜ್ಜಾಶಿ ಎರಡು ಹಡಗುಗಳಲ್ಲಿ ಕಳುಹಿಸಿಕೊಟ್ಟರು. ಅವರು ಮದೀನಾ ಸೇರಿದರು.

ಹಿಜರಿ 9ರಲ್ಲಿ, ಅಂದರೆ 630ರ ಸುಮಾರಿಗೆ, ನಜ್ಜಾಶಿ ನಿಧನರಾದರು. ಅವರು ಇಸ್ಲಾಮ್ ಸ್ವೀಕರಿಸಿದ್ದರೆಂದು ಹದೀಸ್ ಗ್ರಂಥಗಳಿಂದ ತಿಳಿಯುತ್ತದೆ. ಮದೀನಾದಲ್ಲಿ ಪ್ರವಾದಿ(ಸ)ಯವರು ಸಹಾಬಿಗಳನ್ನು ಸಾಲಾಗಿ ನಿಲ್ಲಿಸಿ, ಎದುರಿಗೆ ಮಯ್ಯಿತ್ ಇಲ್ಲದೆಯೇ, ನಾಲ್ಕು ತಕ್ಬೀರ್‌ಗಳೊಂದಿಗೆ ಅವರ ಜನಾಝಾ ನಮಾಝ್ ನಿರ್ವಹಿಸಿದರು.