ಕಾಗದದ ಯಂತ್ರ

ಹರಿಹರವನ್ನು ದಾಟಿ ಪೂರ್ವಾಭಿಮುಖವಾಗಿ ಸಾಗುವ ತುಂಗಭದ್ರಾ ನದಿಗೆ, ಬಹುದೂರದ ಕೆಳಹರಿವಿನಲ್ಲಿ, ಮದ್ರಾಸು ರೈಲುದಾರಿಗಾಗಿ ಸೇತುವೆ ಕಟ್ಟಿಸಿದ ಎಂಜಿನಿಯರು ಎಡ್ವರ್ಡ್ ವಾಲರ್ ಸ್ಟೋನಿ. ಆತನ ಮಗಳು ಎಥೆಲ್ ಸಾರಾ. ಆಕೆಯ ಪತಿ ಜೂಲಿಯಸ್ ಟ್ಯೂರಿಂಗ್ ಬಳ್ಳಾರಿಯೇ ಮೊದಲಾದ ಜಿಲ್ಲೆಗಳಲ್ಲಿ ದುಡಿದ ಸರ್ಕಾರಿ ಅಧಿಕಾರಿ. ಈ ದಂಪತಿಗಳ ಕಿರಿಯ ಮಗನೇ ಗಣಕಯಂತ್ರ ವಿಜ್ಞಾನದ ಮೂಲಪುರುಷರಲ್ಲೊಬ್ಬನಾದ ಅಲನ್ ಟ್ಯೂರಿಂಗ್. ಆತನು 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆತಾಯಿಗಳು ಭಾರತದಲ್ಲಿದ್ದಾಗ ಮಕ್ಕಳಿಬ್ಬರೂ ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಬೆಳೆದರು.

ಕೇಂಬ್ರಿಜ್‌ನಲ್ಲಿ ಗಣಿತವನ್ನು ಅಭ್ಯಸಿಸಿದ ಟ್ಯೂರಿಂಗ್ 1936ರಲ್ಲಿಯೇ ಒಂದು ಅಪೂರ್ವ ಕಲ್ಪನೆಯನ್ನು ಮುಂದಿಟ್ಟನು. ತಕ್ಕ ಸೂಚನೆಗಳನ್ನು ಬರೆದು ಒದಗಿಸಿದರೆ ಒಂದೇ ಯಂತ್ರವು ಯಾವ ಬಗೆಯ ಲೆಕ್ಕವನ್ನಾದರೂ ಮಾಡಬಲ್ಲದೆಂಬುದೇ ಆ ಕಲ್ಪನೆ. ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿದ್ದು ಜರ್ಮನರ ಗೂಢಲಿಪಿಯನ್ನು ಒಡೆಯುವ ಕಾರ್ಯದಲ್ಲಿ ಆತನು ಮುಂದಾಳಾದನು.

ಚದುರಂಗವೆಂದರೆ ಆತನಿಗೆ ಅಪಾರ ಪ್ರೀತಿ. ಆದರೆ ಆಟದಲ್ಲಿ ಮಾತ್ರ ನಿಪುಣನಲ್ಲ. ಒಳ್ಳೆಯ ಓಟಗಾರನಾದ ಆತನು ತನಗೆ ಒಪ್ಪುವ ಹೊಸ ನಿಯಮವೊಂದನ್ನು ಹೂಡಿದನು. ಒಂದು ನಡೆ ಆಡಿದವನು ಮನೆಯ ಸುತ್ತ ಓಡಿಬರಬೇಕು. ಅಷ್ಟರಲ್ಲಿ ಎದುರಾಳಿ ಆಡಿರದಿದ್ದರೆ ಇನ್ನೊಂದು ನಡೆ ಅವನದೇ! ಚದುರಂಗದಲ್ಲಿ ವೇಳೆಯ ಬೆಲೆಯೇನೆಂಬುದನ್ನು ಈ ವಿನೋದವೇ ತೋರುತ್ತದೆ.

1948ರಲ್ಲಿ ಗೆಳೆಯ ಚಾಂಪರ್ನೌನ್‌ನೊಡಗೂಡಿ ಟ್ಯೂರಿಂಗ್ ಯಂತ್ರವು ಚದುರಂಗವಾಡುವ ಕ್ರಮವನ್ನು ರೂಪಿಸತೊಡಗಿದನು. ಆ ಕ್ರಮದಲ್ಲಿ ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ ಮೂರೂವರೆ, ಆನೆಗೆ 5, ಮಂತ್ರಿಗೆ 10 ಎಂದು ಬೆಲೆ ಕಟ್ಟಲಾಯಿತು. ಯಂತ್ರವು ತನ್ನ ಪ್ರತಿಯೊಂದು ನಡೆಯನ್ನೂ, ಅದಕ್ಕೆ ಎದುರಾಳಿ ಕೊಡಬಹುದಾದ ಪ್ರತಿಯೊಂದು ಉತ್ತರವನ್ನೂ ತೂಗಿ ನೋಡಬೇಕು. ಒಮ್ಮೆಗೆ ಸುಮಾರು 30 ನಡೆಗಳು ಸಾಧ್ಯವೆಂದುಕೊಂಡರೆ, ಒಂದು ನಡೆ ಮತ್ತು ಒಂದು ಉತ್ತರಕ್ಕೇ 900 ಸ್ಥಿತಿಗಳಾದವು. ಅಷ್ಟೇ ದೂರ ಇನ್ನೊಮ್ಮೆ ಮುಂದೆ ನೋಡಿದರೆ 8,10,000! ಯಂತ್ರದ ವೇಗ ಇಮ್ಮಡಿಯಾಗಲಿ, ಯೋಚಿಸುವ ವೇಳೆ ಇಮ್ಮಡಿಯಾಗಲಿ, ಫಲ ಒಂದೇ. ನೋಡುವ ಸ್ಥಿತಿಗಳು ಇಮ್ಮಡಿಯಾಗುತ್ತವೆ. ಆದರೆ ಒಂದೇ ಒಂದು ನಡೆಯಷ್ಟು ಆಳಕ್ಕಿಳಿಯಲು ಇಮ್ಮಡಿ ಸಾಲದು, ಮೂವತ್ತು ಮಡಿ ಬೇಕು. ನಿಷ್ಫಲವಾದ ಕವಲುಗಳನ್ನು ಮೊದಲೇ ಕತ್ತರಿಸುವ ಜಾಣ್ಮೆಯಿಂದ ಈ ಹೊರೆ ಹಗುರವಾದುದು ಮುಂದಿನ ಮಾತು.

ಹತ್ತಿಯ ಗಿರಣಿಗಳಿಂದಾಗಿ ನಮ್ಮ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತಷ್ಟೆ. ಆ ಮೂಲ ಮ್ಯಾಂಚೆಸ್ಟರಿನ ವಿಶ್ವವಿದ್ಯಾನಿಲಯದಲ್ಲಿ ಟ್ಯೂರಿಂಗ್ ಆಗ ಕೆಲಸದಲ್ಲಿದ್ದನು. ಅಲ್ಲಿನ ಫೆರಾಂಟಿ ಗಣಕಯಂತ್ರದ ಮೇಲೆ 1951ರಲ್ಲಿ ಡೀಟ್ರಿಚ್ ಪ್ರಿನ್ಸ್ ಎಂಬಾತನು ಎರಡು ನಡೆಗಳಲ್ಲಿ ರಾಜನನ್ನು ಕಟ್ಟುವ ಸಮಸ್ಯೆಯನ್ನು ಬಿಡಿಸಿದನು. ಅಷ್ಟಕ್ಕೇ ಯಂತ್ರಕ್ಕೆ ಸುಮಾರು ಕಾಲು ಗಂಟೆ ಹಿಡಿಯಿತು. ಪೂರ್ಣ ಆಟದ ಮಾತು ದೂರವೇ ಉಳಿಯಿತು. ಟ್ಯೂರಿಂಗ್ ಎದೆಗುಂದಲಿಲ್ಲ. 1952ರಲ್ಲಿ ತಾನೇ ಯಂತ್ರವಾಗಿ ಕುಳಿತು, ಸ್ವಂತ ಬುದ್ಧಿಯನ್ನು ಬದಿಗಿರಿಸಿ, ತನ್ನ ನಿಯಮಗಳನ್ನೇ ಕಾಗದದ ಮೇಲೆ ಲೆಕ್ಕಿಸುತ್ತ ಅಲಿಕ್ ಗ್ಲೆನಿಯೊಡನೆ ಆಡಿದನು. ಒಂದೊಂದು ನಡೆಗೂ ಅರ್ಧ ಗಂಟೆಯಷ್ಟು ವೇಳೆ ಬೇಕಾಯಿತು. 29 ನಡೆಗಳಲ್ಲಿ ಕಾಗದದ ಯಂತ್ರ ಸೋತಿತು.

ಅದೇ ವರ್ಷ ಆತನಿಗೆ ದೊಡ್ಡ ಕಷ್ಟ ಒದಗಿತು. ಅಂದಿನ ಬ್ರಿಟಿಷ್ ಕಾನೂನು ಸಲಿಂಗಪ್ರೇಮವನ್ನು ಅಪರಾಧವೆಂದು ಎಣಿಸುತ್ತಿತ್ತು. ನ್ಯಾಯಾಲಯವು ಆತನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. ಸೆರೆವಾಸಕ್ಕೆ ಬದಲಾಗಿ ದೇಹವನ್ನು ಕೆಡಿಸುವ ಔಷಧವನ್ನು ಆತನು ಒಪ್ಪಬೇಕಾಯಿತು. ದೇಶವನ್ನು ಕಾದವನಿಗೆ ದೇಶ ಕೊಟ್ಟ ಉಡುಗೊರೆ ಇದು. 1954ರ ಜೂನ್ 7ರಂದು, ನಲವತ್ತೆರಡು ತುಂಬುವ ಮೊದಲೇ, ಟ್ಯೂರಿಂಗ್ ತೀರಿಕೊಂಡನು. ರಾಣಿಯ ಕ್ಷಮಾದಾನ ಬಂದುದು 2013ರಲ್ಲಿ.

ಈ ನಡುವೆ ಯಂತ್ರಗಳ ವೇಗ ಬೆಳೆಯಿತು. 1997ರಲ್ಲಿ ವಿಶ್ವವಿಜೇತ ಗ್ಯಾರಿ ಕಾಸ್ಪರೋವ್‌ನನ್ನು ಸೋಲಿಸಿದ ಡೀಪ್ ಬ್ಲೂ ಯಂತ್ರವು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ನುರಿತ ಆಟಗಾರರ ನೆರವಿನಿಂದ ಅದರ ತೂಗುವ ನಿಯಮಗಳೂ ಸೂಕ್ಷ್ಮಗೊಂಡಿದ್ದವು. 2012ರಲ್ಲಿ, ಟ್ಯೂರಿಂಗ್‌ನ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಆತನ ಹಳೆಯ ಕ್ರಮವನ್ನೇ ಹೊಸ ಗಣಕಯಂತ್ರದಲ್ಲಿ ಅಳವಡಿಸಿ ಅದೇ ಕಾಸ್ಪರೋವ್‌ನ ಎದುರು ಮ್ಯಾಂಚೆಸ್ಟರಿನಲ್ಲಿ ಕೂರಿಸಿದರು. ಅರ್ಧ ಗಂಟೆಯ ಲೆಕ್ಕ ಈಗ ಕ್ಷಣಮಾತ್ರದ ಕೆಲಸ. ನಿಯಮಗಳು ಮಾತ್ರ ಅಂದಿನವೇ. ಕಾಸ್ಪರೋವ್ 16 ನಡೆಗಳಲ್ಲಿ ಗೆದ್ದನು.