ಫೌಂಟನ್ ಪೆನ್ನಿನ ಪ್ರೋಗ್ರಾಮರ್
ಎಡ್ಸ್‌ಗರ್ ಡೈಕ್‌ಸ್ಟ್ರಾ ಹುಟ್ಟಿದ್ದು 1930ರಲ್ಲಿ, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ. 1957ರಲ್ಲಿ ಮದುವೆ ನೋಂದಣಿಗೆ ಹೋದಾಗ ಉದ್ಯೋಗ ಪ್ರೋಗ್ರಾಮರ್ ಎಂದರೆ ಅಧಿಕಾರಿಗಳು ಒಪ್ಪಲಿಲ್ಲ, ಅಂಥ ಕೆಲಸವೇ ಇಲ್ಲವಂತೆ! ಕೊನೆಗೆ ಭೌತವಿಜ್ಞಾನಿ ಎಂದು ಬರೆಸಿದರು. ಅತಿ ಹತ್ತಿರದ ದಾರಿ ಹುಡುಕುವ ಅಲ್ಗಾರಿದಮ್ ಆಗಲೇ ಹೊಳೆದಿತ್ತು, ಆಮ್‌ಸ್ಟರ್‌ಡ್ಯಾಮಿನ ಕೆಫೆಯಲ್ಲಿ, ಪೆನ್ನು ಕಾಗದವಿಲ್ಲದೆ.

1968ರಲ್ಲಿ ‘ಗೋ ಟು’ ಆದೇಶ ಹಾನಿಕರವೆಂದು ಬರೆದು ಗಲಾಟೆ ಎಬ್ಬಿಸಿದರು. ಎಲ್ಲೆಂದರಲ್ಲಿ ಜಿಗಿಯುವ ಪ್ರೋಗ್ರಾಂ ಈಗ ಎಲ್ಲಿದೆ ಎಂಬುದೇ ಓದುವವರಿಗೆ ತಿಳಿಯದು ಎಂಬುದು ಅವರ ವಾದ. ಹಳೆಯ ಕೋಡ್ ರಿಪೇರಿ ಮಾಡಿದವರು ತಲೆಯಾಡಿಸುತ್ತಾರೆ. ಬೇಸಿಕ್ ಕಲಿತವರ ತಲೆ ಸರಿಹೋಗದಷ್ಟು ಕೆಡುತ್ತದೆ ಎಂದದ್ದು ಮಾತ್ರ ಅತಿಯಾಯಿತು. ನಾನು ಶಾಲೆಯಲ್ಲಿ ಕಲಿತದ್ದು ಅದನ್ನೇ.

1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಅವರ ಸ್ವಂತ ಟಿಪ್ಪಣಿಗಳು 1,300ಕ್ಕೂ ಹೆಚ್ಚು. ಬಹಳಷ್ಟನ್ನು ಫೌಂಟನ್ ಪೆನ್ನಿನಲ್ಲೇ ಬರೆದು ಗೆಳೆಯರಿಗೆ ಪ್ರತಿ ಕಳಿಸುತ್ತಿದ್ದರು. ಕೊನೆಯದಕ್ಕೆ 2002ರ ಏಪ್ರಿಲ್ ತಾರೀಖಿದೆ. ಆಗಸ್ಟ್‌ನಲ್ಲಿ ತೀರಿಕೊಂಡರು.